ತಿರುಗಿ ತಿರುಗಿ ಅದೇ ಹಾಡು

ಬಾನುಲಿಯ ಸಂಗೀತವನ್ನು ಕುರಿತು ನಮ್ಮ ಊರಿನ ರಸಿಕರಲ್ಲಿ ಒಂದು ದೂರು ಬಹುಕಾಲದಿಂದ ಉಂಟು. ಯಾವ ನಿಲಯಕ್ಕೆ ತಿರುಗಿಸಿದರೂ ಬೆಳಿಗ್ಗೆ ಕೇಳಿದ್ದೇ ಮಧ್ಯಾಹ್ನ, ಮಧ್ಯಾಹ್ನ ಕೇಳಿದ್ದೇ ರಾತ್ರಿ. ಈ ವಾರ ಬಂದದ್ದೇ ಬರುವ ವಾರ. ನಾನೂ ಆ ದೂರುಗಾರರಲ್ಲಿ ಒಬ್ಬ. ಆಲ್ಕೊಳದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮುಂದಿನ ಹಾಡು ಯಾವುದೆಂದು ಮೊದಲೇ ಹೇಳಿ ಮನೆಯವರನ್ನು ನಗಿಸುವುದು ನನಗೊಂದು ಆಟವೇ ಆಗಿಬಿಟ್ಟಿದೆ. ನಿವೃತ್ತನಾದ ಮೇಷ್ಟರಿಗೆ ಇಂಥ ಜ್ಯೋತಿಷ್ಯಕ್ಕೆ ಬೇಕಾದಷ್ಟು ಬಿಡುವಿರುತ್ತದೆ.

ದೂರುವುದು ಸುಲಭ. ಆದರೆ ಈ ಮರುಕಳಿಕೆಗೂ ಒಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಸರ್ಕಾರದ ಪಾಲೆಷ್ಟು, ಯಂತ್ರದ ಪಾಲೆಷ್ಟು, ಕೇಳುಗರಾದ ನಮ್ಮ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡದೆ ಮಾಡುವ ದೂರು ಗೊಣಗಾಟವಾಗಿ ನಿಲ್ಲುತ್ತದೆ.

ಹುಟ್ಟಿದಾಗ ಬಾನುಲಿಗೆ ಈ ಜಾಡ್ಯ ಇರಲಿಲ್ಲ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಪುಟ್ಟದೊಂದು ಪ್ರಸಾರ ಯಂತ್ರವನ್ನಿಟ್ಟು ಬಾನುಲಿ ನಿಲಯವೊಂದನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು ಎಂದು ಹೇಳುವುದುಂಟು. ಆ ಹೆಸರು 1950ರ ದಶಕದಲ್ಲಿ ಇಡೀ ದೇಶದ ಬಾನುಲಿಗೆ ಅಂಟಿತು. 2023ರಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಅದೊಂದನ್ನೇ ಉಳಿಸಿಕೊಂಡರು. ಹೆಸರಿನ ಮಾತು ಹಾಗಿರಲಿ. ಆ ಕಾಲದಲ್ಲಿ ಹಾಡುವವನು ಮೈಕಿನ ಮುಂದೆ ಬಂದು ಕುಳಿತು ಹಾಡಬೇಕು, ಹಾಡಿ ಎದ್ದು ಹೋಗಬೇಕು. ಅವನು ಹೋದಮೇಲೆ ಹಾಡೂ ಹೋಯಿತು. ಮತ್ತೆ ಬೇಕೆಂದರೆ ಅವನನ್ನೇ ಮತ್ತೆ ಕರೆಯಬೇಕು. ಅವನು ಅದೇ ಕೀರ್ತನೆಯನ್ನು ಎತ್ತಿಕೊಂಡರೂ ಎರಡನೆಯ ಸಲದ್ದು ಮೊದಲಿನದಾಗುತ್ತಿರಲಿಲ್ಲ. ಗ್ರಾಮಾಫೋನ್ ತಟ್ಟೆಗಳಿದ್ದುವು, ನಿಜ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಅದು ಊಟದ ಕೊನೆಯ ಎಲೆಯಡಿಕೆಯಂತೆ ಇತ್ತು, ಊಟವಾಗಿರಲಿಲ್ಲ.

ಯಾರು ಹಾಡಬಹುದು ಎಂಬ ಪ್ರಶ್ನೆ ಅನಂತರ ಬಂತು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತು. ಅದರ ಸ್ವರಗಳು ಮೊದಲೇ ಕಟ್ಟಿಹಾಕಿದವು, ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಸಂಗೀತದ ಗಮಕಗಳಿಗೆ ಅದು ಒಗ್ಗುವುದಿಲ್ಲ ಎಂಬುದು ವಾದ. ಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಹುರುಳಿಲ್ಲದಿಲ್ಲ. ಮೈಸೂರಿನ ನಿಲಯ 1950ರಲ್ಲಿ ಆ ಜಾಲಕ್ಕೆ ಸೇರಿದಾಗ ಈ ಕಟ್ಟಳೆಯೂ ಜೊತೆಗೇ ಬಂತು. ಮಲೆನಾಡಿನ ಕಡೆಯಿಂದ ನೋಡಿದರೆ ಇದರ ಪರಿಣಾಮ ಬೇರೆ. ನಮ್ಮಲ್ಲಿ ಭಜನೆಯ ಮನೆಗೂ ಹರಿಕಥೆಗೂ ಕಂಪನಿ ನಾಟಕಕ್ಕೂ ಆಧಾರ ಆ ಪೆಟ್ಟಿಗೆಯೇ. ಪೆಟ್ಟಿಗೆಯನ್ನು ಹೊರಗಿಟ್ಟರೆ ಅದನ್ನು ನಂಬಿ ಹಾಡುವವನನ್ನೂ ಹೊರಗಿಟ್ಟಂತೆ. 1970ರ ದಶಕದ ಆರಂಭದಲ್ಲಿ ಈ ನಿಷೇಧ ಸಡಿಲವಾಗುವ ಹೊತ್ತಿಗೆ ಆ ಹಾಡುಗಾರರ ಒಂದು ತಲೆಮಾರೇ ಕಳೆದಿತ್ತು.

1952ರಲ್ಲಿ ಬಿ. ವಿ. ಕೇಸ್ಕರ್ ಪ್ರಸಾರ ಖಾತೆಯ ಮಂತ್ರಿಗಳಾದರು. ಅವರಿಗೆ ಶಾಸ್ತ್ರೀಯ ಸಂಗೀತದಲ್ಲಿ ಭಕ್ತಿ, ಚಿತ್ರಗೀತೆಯಲ್ಲಿ ತಾತ್ಸಾರ. ಚಿತ್ರಗೀತೆ ಕ್ರಮೇಣ ಆಕಾಶವಾಣಿಯಿಂದ ಮರೆಯಾಯಿತು. ಕಲಾವಿದರನ್ನು ಪರೀಕ್ಷಿಸಿ ದರ್ಜೆ ಕೊಡುವ ಧ್ವನಿಪರೀಕ್ಷೆಯ ಏರ್ಪಾಡು ಬಿಗಿಯಾಯಿತು. ಕೇಳುಗರು ಏನು ಮಾಡಿದರು? ಮುಳ್ಳನ್ನು ಸಿಲೋನಿನ ಕಡೆ ತಿರುಗಿಸಿದರು. ಅದೇ ವರ್ಷ ರೇಡಿಯೋ ಸಿಲೋನಿನಲ್ಲಿ ಆರಂಭವಾದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ದೇಶಕ್ಕೆ ದೇಶವನ್ನೇ ಸೆಳೆದುಕೊಂಡಿತು. ಕೊನೆಗೆ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯನ್ನು ಆರಂಭಿಸಿ ಸರ್ಕಾರವೇ ಚಿತ್ರಗೀತೆಯನ್ನು ಮನೆಗೆ ಕರೆದುಕೊಳ್ಳಬೇಕಾಯಿತು.

ಕೇಸ್ಕರರನ್ನು ಹಾಸ್ಯಮಾಡುವುದು ಈಗ ರೂಢಿಯಾಗಿದೆ. ನಾನು ಆ ಗುಂಪಿಗೆ ಸೇರಿದವನಲ್ಲ. ಚಿತ್ರಗೀತೆ ತೆರವು ಮಾಡಿದ ಜಾಗವನ್ನು ತುಂಬಲು ನಿಲಯಗಳಲ್ಲಿ ಲಘು ಸಂಗೀತದ ವಿಭಾಗಗಳು ಹುಟ್ಟಿಕೊಂಡವು. ಕನ್ನಡದಲ್ಲಿ ಆ ಜಾಗಕ್ಕೆ ಬಂದು ಕುಳಿತದ್ದು ಕವಿತೆ. ನವೋದಯದ ಕವಿಗಳನ್ನು ಪುಸ್ತಕದಲ್ಲಿ ಓದಿದವರು ಕೆಲವು ಸಾವಿರ ಮಂದಿ ಇದ್ದಾರು. ಪಿ. ಕಾಳಿಂಗರಾಯರ ಕಂಠದಲ್ಲಿ ಅವರನ್ನು ಕೇಳಿದವರಿಗೆ ಲೆಕ್ಕವಿಲ್ಲ. ಭಾವಗೀತೆ, ಸುಗಮ ಸಂಗೀತ ಎಂದು ನಾವು ಕರೆಯುವ ಈ ಪ್ರಕಾರ ಬಾನುಲಿಯ ಆಸರೆಯಲ್ಲಿ ಬೆಳೆದ ಕೂಸು. ಕಟ್ಟಳೆಯೊಂದು ಒಂದು ಕಡೆ ಕೊಂದದ್ದನ್ನು ಇನ್ನೊಂದು ಕಡೆ ಹುಟ್ಟಿಸಿದ ಉದಾಹರಣೆ ಇದು.

ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದದ್ದು 1965ರಲ್ಲಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಆ ಊರಿನಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕನ ಮನೆಯಲ್ಲೂ, ತೀರ್ಥಹಳ್ಳಿಯ ಅಡಕೆ ತೋಟದ ನಡುವಣ ಒಂಟಿಮನೆಯಲ್ಲೂ ಒಂದೇ ಧ್ವನಿ ಕೇಳುವಂತಾಯಿತು. ಅಂಚೆ ಕಚೇರಿಗೆ ಹೋಗಿ ರೇಡಿಯೋವಿಗೆ ಲೈಸೆನ್ಸು ಮಾಡಿಸುತ್ತಿದ್ದ ಕಾಲ ಅದು. ನಾನು ಆಗ ಚಿಕ್ಕ ಹುಡುಗ. ನಮಗೆ ಹೆಮ್ಮೆಯಾದದ್ದು ದೂರದ ಸಂಗೀತ ಹತ್ತಿರ ಬಂತೆಂಬುದಕ್ಕಲ್ಲ, ಹತ್ತಿರದ ಜನರ ಹೆಸರು ದೂರಕ್ಕೆ ಕೇಳುತ್ತದೆಂಬುದಕ್ಕೆ. ಇದೇ ಜಿಲ್ಲೆಯ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು 1960ರ ದಶಕದಲ್ಲಿ ಆಕಾಶವಾಣಿಯ ಗಾಯಕರಾಗಿ, ಮುಂದೆ ‘ಕಾಡು ಕುದುರೆ’ ಚಿತ್ರದ ಹಾಡಿಗೆ 1978ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ತಿರುಗಿದ ಅವರು 2022ರಲ್ಲಿ ತೀರಿಕೊಂಡರು.

ಇನ್ನು ಕೇಳುಗರ ಪಾಲು. ಕೋರಿಕೆಯ ಕಾರ್ಯಕ್ರಮಗಳು ತಮಗೆಲ್ಲ ನೆನಪಿರಬೇಕು. ಒಂದು ಹಾಡಿಗೆ ಮುನ್ನ ಹತ್ತು ಹದಿನೈದು ಹೆಸರು, ಊರು, ಬೀದಿ. ಬಿಹಾರದ, ಈಗಿನ ಜಾರ್ಖಂಡಿನ, ಝುಮ್ರಿ ತಲೈಯಾ ಎಂಬ ಊರು ಚಿತ್ರಗೀತೆಗಳನ್ನು ಕೋರುವ ಕಾಗದಗಳಿಂದಲೇ ದೇಶದಾದ್ಯಂತ ಹೆಸರಾಯಿತು. ಈ ಕಾಗದಗಳು ಕೇಳದ ಹಾಡನ್ನು ಕೇಳಿಸಿರಿ ಎಂದು ಬರೆದವಲ್ಲ. ಕೇಳಿದ್ದನ್ನೇ ಮತ್ತೆ ಕೇಳಿಸಿರಿ ಎಂದು ಬರೆದವು. ಅಮೆರಿಕದ ಒಮಾಹಾ ನಗರದಲ್ಲಿ ಟಾಡ್ ಸ್ಟಾರ್ಜ್ ಎಂಬಾತ 1950ರ ದಶಕದ ಮೊದಲಲ್ಲಿ ಇದೇ ಸಂಗತಿಯನ್ನು ಗಮನಿಸಿದ. ಕಾಸು ಹಾಕಿದರೆ ಹಾಡುವ ಹೋಟೆಲಿನ ಪೆಟ್ಟಿಗೆಯಲ್ಲಿ ಹತ್ತಾರು ತಟ್ಟೆಗಳಿದ್ದರೂ ಗಿರಾಕಿಗಳು ಆರಿಸುತ್ತಿದ್ದುದು ಕೆಲವನ್ನೇ. ಹಾಗಾದರೆ ಆ ಕೆಲವನ್ನೇ ದಿನವಿಡೀ ಹಾಕೋಣ ಎಂದು ಅವನು ತೀರ್ಮಾನಿಸಿದ. ಅದೇ ಮುಂದೆ ‘ಟಾಪ್ ಫಾರ್ಟಿ’ ಎಂಬ ಪದ್ಧತಿಯಾಯಿತು. 2001ರಲ್ಲಿ ಬೆಂಗಳೂರಿನಲ್ಲಿ ಮೊದಲ ಖಾಸಗಿ ಎಫ್.ಎಂ. ನಿಲಯ ಬಂದಾಗ ನಮಗೂ ಆ ಪದ್ಧತಿಯ ಪರಿಚಯ ಚೆನ್ನಾಗಿಯೇ ಆಯಿತು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ವ್ಯಾಪಾರಿ ತನ್ನ ಅಂಗಡಿಯಲ್ಲಿ ಖರ್ಚಾಗುವ ಸರಕನ್ನೇ ಇಡುತ್ತಾನೆ.

ನನ್ನ ವ್ಯಥೆ ಬೇರೆಯ ಕಡೆಗಿದೆ. ನಾನು ಕನ್ನಡ ಪಾಠ ಹೇಳಿದವನಾದ್ದರಿಂದ ಅದು ಕವಿತೆಗೆ ಸಂಬಂಧಪಟ್ಟದ್ದು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟು ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಅದು ಪ್ರಸಿದ್ಧ. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ ಅದಕ್ಕಿತ್ತು. ನಿಸಾರರು ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಟ್ಟವರು. ಆ ಶೀರ್ಷಿಕೆಯ ಕವಿತೆಯಲ್ಲಿ ಜೋಗವಿದೆ, ತುಂಗೆಯಿದೆ. ನಮ್ಮ ನೆಲದ ಹಾಡು ಧ್ವನಿಸುರುಳಿಯಾಗಿ ನಮ್ಮ ಊರಿಗೇ ಹಿಂತಿರುಗಿ ಬಂತು, ಮನೆಮನೆಗೆ ನುಗ್ಗಿತು. ಕವಿತೆಗೆ ಅಂಥ ದಿಗ್ವಿಜಯ ಹಿಂದೆಂದೂ ದೊರೆತಿರಲಿಲ್ಲ, ಅನಂತಸ್ವಾಮಿಯವರಿಗೂ ಸಿ. ಅಶ್ವತ್ಥರಿಗೂ ಕನ್ನಡಿಗರು ಸಲ್ಲಿಸಬೇಕಾದ ಋಣ ದೊಡ್ಡದು.

ಆದರೆ ಅದೇ ಗಳಿಗೆಯಲ್ಲಿ ಇನ್ನೊಂದು ನಡೆಯಿತು. ಅಲ್ಲಿಯವರೆಗೆ ಒಂದು ಕವಿತೆಗೆ ಊರಿಗೊಂದು ಮಟ್ಟು ಇರಬಹುದಾಗಿತ್ತು. ಹೈಸ್ಕೂಲಿನ ಸಂಗೀತದ ಮೇಷ್ಟರು ಮೋಹನದಲ್ಲಿ ಹೇಳಿಕೊಟ್ಟದ್ದನ್ನು ಪಕ್ಕದ ಊರಿನವರು ಕಾಪಿಯಲ್ಲಿ ಹಾಡುತ್ತಿದ್ದರು. ಕ್ಯಾಸೆಟ್ಟು ಬಂದಮೇಲೆ ಕವಿತೆಗೂ ಮಟ್ಟಿಗೂ ಬೆಸುಗೆ ಬಿತ್ತು. ಭದ್ರಾವತಿಯ ಕುಲುಮೆಯಲ್ಲಿ ಹಾಕಿದ ಬೆಸುಗೆಯೂ ಅಷ್ಟು ಗಟ್ಟಿಯಿರಲಾರದು! ಈಗ ಆ ಕವಿತೆಯನ್ನು ಮನಸ್ಸಿನಲ್ಲಿ ಓದಿಕೊಳ್ಳಲು ಹೋದರೂ ಕ್ಯಾಸೆಟ್ಟಿನ ವಾದ್ಯಗಳು ಮೊದಲು ನುಡಿಯುತ್ತವೆ.

ಮರುಕಳಿಕೆಯೇ ದೋಷವೆಂದು ನಾನು ಹೇಳುತ್ತಿಲ್ಲ. ಶಿವಮೊಗ್ಗಕ್ಕೆ ಅತಿ ಸಮೀಪದಲ್ಲಿ, ತುಂಗೆಯ ಎರಡು ದಡಗಳಲ್ಲಿ ಮತ್ತೂರು, ಹೊಸಹಳ್ಳಿಗಳಿವೆ. ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಯ ಎಚ್. ಆರ್. ಕೇಶವಮೂರ್ತಿಯವರು ಜೀವಮಾನವನ್ನೆಲ್ಲ ಕಾವ್ಯವಾಚನಕ್ಕೆ ಕೊಟ್ಟವರು. 2022ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಕಣ್ಮುಚ್ಚಿದರು. ಗಮಕಿಯ ಮುಂದಿರುವುದು ಐದು ಶತಮಾನಗಳಿಂದ ಬಂದ ಅದೇ ಕುಮಾರವ್ಯಾಸ, ಅದೇ ಭಾಮಿನಿ ಷಟ್ಪದಿ, ಕೇಳುವವರಿಗೆ ಬಾಯಿಪಾಠವಾಗಿರುವ ಅದೇ ಕರ್ಣಭೇದನದ ಪದ್ಯಗಳು. ಇದಕ್ಕಿಂತ ದೊಡ್ಡ ಮರುಕಳಿಕೆ ಎಲ್ಲುಂಟು? ಆದರೂ ಬೇಸರ ಬಾರದು. ತಾಳದ ಕಟ್ಟಿಲ್ಲ, ಪದ್ಯದ ಭಾವವನ್ನು ನೋಡಿ ರಾಗವನ್ನು ಅಲ್ಲೇ ಆರಿಸಬೇಕು, ಯಾವ ಪದವನ್ನು ಬಿಡಿಸಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು ಎಂಬುದು ಅವತ್ತಿನ ಸಭೆಯನ್ನು ನೋಡಿ ತೀರ್ಮಾನವಾಗಬೇಕು. ಹೋದ ವರ್ಷ ಕಣ್ಣೀರು ತಂದ ಪದ್ಯ ಈ ವರ್ಷ ಸಿಟ್ಟು ತರಿಸಬಹುದು. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ನಡೆಯುವ ನಮ್ಮ ಮಲೆನಾಡಿನ ಅಂಟಿಗೆ ಪಂಟಿಗೆಯವರದೂ ಇದೇ ರೀತಿ. ಹಾಡು ಹಳೆಯದು, ಹಾಡುವಿಕೆ ಅಂದಿನದು.

ನಮ್ಮ ನಗರದ ಇಂದಿನ ಸಭೆಗಳಲ್ಲಿ ನಾನು ಕಾಣದೆ ಇರುವುದು ಇದನ್ನು. ಕುವೆಂಪು ರಂಗಮಂದಿರದಿಂದ ಹಿಡಿದು ಗಣಪತಿಯ ಪೆಂಡಾಲಿನವರೆಗೆ ಹಾಡುವ ಜನಕ್ಕೇನೂ ಕೊರತೆಯಿಲ್ಲ. ಕಂಠವೂ ಇದೆ, ಕಲಿಕೆಯೂ ಇದೆ. ಕೆಲವು ವರ್ಷಗಳ ಹಿಂದೆ ಬಡಾವಣೆಯೊಂದರ ರಾಜ್ಯೋತ್ಸವದಲ್ಲಿ, ಸಂಗೀತ ಕಲಿತ ಹುಡುಗಿಯೊಬ್ಬಳು ‘ಮೈಸೂರು ಮಲ್ಲಿಗೆ’ಯ ಕವಿತೆಯೊಂದನ್ನು ತಾನೇ ಕೂಡಿಸಿದ ರಾಗದಲ್ಲಿ ಹಾಡಲು ಸಿದ್ಧವಾಗಿ ಬಂದಳು. ವ್ಯವಸ್ಥಾಪಕರು ಅದನ್ನು ತಿಳಿದು, “ಬೇಡಮ್ಮಾ, ಜನಕ್ಕೆ ಗುರುತು ಸಿಗಲ್ಲ, ಕ್ಯಾಸೆಟ್ಟಲ್ಲಿ ಇದೆಯಲ್ಲ ಹಾಗೇ ಹಾಡಿಬಿಡು, ಟ್ರ್ಯಾಕ್ ನಮ್ಮ ಹತ್ತಿರ ಇದೆ” ಎಂದರು. ಅವರು ಕೆಟ್ಟವರಲ್ಲ, ಸಭಿಕರ ಮನಸ್ಸನ್ನು ಬಲ್ಲವರು. ಹುಡುಗಿ ಟ್ರ್ಯಾಕಿಗೆ ತಕ್ಕಂತೆ ಹಾಡಿದಳು, ಚಪ್ಪಾಳೆಯೂ ಬಿತ್ತು. ಅವಳ ರಾಗ ಯಾವುದಾಗಿತ್ತೆಂದು ಅಲ್ಲಿದ್ದವರು ಯಾರೂ ಕೇಳಲಿಲ್ಲ. ಬಾನುಲಿಯವರು ಅದದೇ ಹಾಡನ್ನು ಹಾಕುತ್ತಾರೆಂದು ದೂರುವ ಊರು, ಎದುರಿಗೆ ನಿಂತ ಜೀವಂತ ಕಂಠದಿಂದಲೂ ಅದದೇ ಹಾಡನ್ನು ಬೇಡುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು, ಅದು ಕೇವಲ ಭೌತಿಕವಾದದ್ದು. ಧ್ವನಿಸುರುಳಿ ದುಬಾರಿಯಾಗಿದ್ದ ದಿನಗಳಲ್ಲಿ ಒಂದನ್ನು ಅಳಿಸಿ ಅದರ ಮೇಲೆ ಮತ್ತೊಂದನ್ನು ಮುದ್ರಿಸುವುದು ಲೋಕದ ಪ್ರಸಾರ ಸಂಸ್ಥೆಗಳಲ್ಲೆಲ್ಲ ರೂಢಿಯಾಗಿತ್ತು. ಬಿ.ಬಿ.ಸಿ.ಯಂಥ ಸಂಸ್ಥೆಯೂ ತನ್ನ ಎಷ್ಟೋ ಕಾರ್ಯಕ್ರಮಗಳನ್ನು ಹೀಗೆ ಕಳೆದುಕೊಂಡಿದೆ. ಅಳಿಸಿಹೋಗುವುದು ಊರಿನ ಗಾಯಕ ಬಂದು ಹಾಡಿ ಹೋದದ್ದು. ಉಳಿಯುವುದು ಅಂಗಡಿಯಿಂದ ಕೊಂಡ ಮುದ್ರಿಕೆ, ಏಕೆಂದರೆ ಅದನ್ನು ಅಳಿಸಲು ಬಾರದು. ಉಳಿದದ್ದನ್ನೇ ತಾನೆ ಮತ್ತೆ ಮತ್ತೆ ಹಾಕುವುದು?

ಆದ್ದರಿಂದ ಈ ಸೀಮೆಯ ಕೇಳುಗರಲ್ಲಿ ನನ್ನದೊಂದು ವಿನಂತಿ. 1980ರ ದಶಕದಲ್ಲಿ ಟೇಪ್‌ರೆಕಾರ್ಡರು ಕೊಂಡ ಹೊಸತರಲ್ಲಿ ನಮ್ಮಲ್ಲಿ ಅನೇಕರು ರೇಡಿಯೋದಿಂದ ನೇರವಾಗಿ ಹಾಡುಗಳನ್ನು ಹಿಡಿದಿಟ್ಟವರು. ಮದುವೆಮನೆಯ ಹಸೆಹಾಡನ್ನೂ ದೇವಸ್ಥಾನದ ಭಜನೆಯನ್ನೂ ಅಜ್ಜಿಯ ಬೀಸುವ ಪದವನ್ನೂ ಹಾಗೆಯೇ ಹಿಡಿದವರು. ಅಂಥ ಕ್ಯಾಸೆಟ್ಟುಗಳು ಅಟ್ಟದ ಮೇಲೆ ಇದ್ದರೆ ಗುಜರಿಗೆ ಹಾಕಬೇಡಿ. ಹೊದಿಕೆಯ ಮೇಲೆ ಹಾಡಿದವರ ಹೆಸರು, ಊರು, ನೆನಪಿದ್ದರೆ ವರ್ಷ, ಇಷ್ಟನ್ನು ಬರೆದಿಡಿ. ತಂಪಾದ ಒಣ ಜಾಗದಲ್ಲಿರಲಿ. ನಮ್ಮ ಮಳೆಗಾಲದ ಬೂಷ್ಟು ಸುರುಳಿಯನ್ನು ತಿನ್ನುತ್ತದೆ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೊಂದು ಹಾಡು ಅಕಸ್ಮಾತ್ತಾಗಿಯೂ ಬಂದು ಕೂರುವುದಿಲ್ಲ.