ಹೊಗೆಯ ಮೇಲೊಂದು ದಾವೆ

ಪ್ರೌಢಶಾಲೆಯಲ್ಲಿ ಭೂಗೋಳ ಬೋಧಿಸುತ್ತಿದ್ದ ದಿನಗಳಲ್ಲಿ, ಸಮಭಾಜಕ ವೃತ್ತದ ಕಾಡುಗಳ ಪಾಠ ಬಂದಾಗಲೆಲ್ಲ ನಾನು ನಕ್ಷೆಯಲ್ಲಿ ಬೋರ್ನಿಯೊ ದ್ವೀಪವನ್ನು ತೋರಿಸಿ, "ಇಲ್ಲಿ ವರ್ಷವಿಡೀ ಮಳೆ, ಈ ಕಾಡಿಗೆ ಬೆಂಕಿ ಹತ್ತುವುದಿಲ್ಲ" ಎನ್ನುತ್ತಿದ್ದೆ. ಆ ಮಾತು ತಪ್ಪೆಂದು ಅರಿಯುವ ಹೊತ್ತಿಗೆ ನಾನು ನಿವೃತ್ತನಾಗಿದ್ದೆ.

ಆ ದ್ವೀಪದ ಇಂಡೊನೇಷ್ಯಾ ಭಾಗಕ್ಕೆ ಕಾಲಿಮಂತಾನ್ ಎಂದು ಹೆಸರು. ಅಲ್ಲಿನ ಜೌಗು ಕಾಡುಗಳಲ್ಲಿ ಎಲೆ, ಬೇರು, ಕಾಂಡಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ನೀರಿನಡಿ ಶೇಖರಗೊಂಡು ಪೀಟ್ ಎಂಬ ಕಪ್ಪು ನೆಲವಾಗಿವೆ. ನೀರಿರುವ ತನಕ ಅದು ಸುಡದು. 1996ರಲ್ಲಿ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರವು ಅಲ್ಲಿ ಹತ್ತು ಲಕ್ಷ ಹೆಕ್ಟೇರ್ ಗದ್ದೆ ಮಾಡಹೊರಟು ಕಾಲುವೆಗಳನ್ನು ತೋಡಿಸಿತು. ಭತ್ತ ಬೆಳೆಯಲಿಲ್ಲ, ನೀರು ಮಾತ್ರ ಬಸಿದುಹೋಯಿತು. ಒಣಗಿದ ನೆಲ 1997ರ ಎಲ್ ನಿನೊ ಬರದಲ್ಲಿ ಹೊತ್ತಿಕೊಂಡಿತು. 2015ರಲ್ಲಿ ದೇಶದಾದ್ಯಂತ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತೆಂದು ವಿಶ್ವಬ್ಯಾಂಕ್ ಅಂದಾಜಿಸಿತು. 300 ದಾಟಿದರೆ ಅಪಾಯವೆನ್ನುವ ವಾಯುಮಾಲಿನ್ಯ ಸೂಚ್ಯಂಕ, ಪಲಂಕರಾಯ ನಗರದಲ್ಲಿ 2000ದ ಸಮೀಪಕ್ಕೆ ಏರಿತು.

ಹೊಗೆಯಿಂದ ಕಾಯಿಲೆ ಬಿದ್ದವನು ನ್ಯಾಯಾಲಯಕ್ಕೆ ಹೋದರೆ ಮೊದಲು ಎದುರಾಗುವ ಪ್ರಶ್ನೆ: ನಿನ್ನ ಎದೆಗೆ ಹೊಕ್ಕ ಹೊಗೆ ಯಾರ ಬೆಂಕಿಯದು? ನೂರಾರು ಕಡೆಯ ಹೊಗೆ ಬೆರೆತ ಮೇಲೆ ಇದಕ್ಕೆ ಉತ್ತರವೆಲ್ಲಿಂದ ಬರಬೇಕು? 2016ರಲ್ಲಿ ಪಲಂಕರಾಯದ ನ್ಯಾಯಾಲಯಕ್ಕೆ ಹೋದ ಏಳು ಮಂದಿ ನಾಗರಿಕರು ಪ್ರಶ್ನೆಯನ್ನೇ ಬದಲಿಸಿದರು. ಬೆಂಕಿ ಹಚ್ಚಿದವರು ಯಾರೆಂದಲ್ಲ, ನಮ್ಮನ್ನು ಕಾಪಾಡಬೇಕಿದ್ದವರು ಯಾರೆಂದು ಕೇಳಿದರು. ಅಧ್ಯಕ್ಷ ಜೋಕೊ ವಿಡೊಡೊ, ಅವರ ಮಂತ್ರಿಗಳು, ಪ್ರಾಂತದ ಗವರ್ನರ್ ಎಲ್ಲರೂ ಪ್ರತಿವಾದಿಗಳಾದರು. ವಾದಿಗಳು ಬೇಡಿದ್ದು ಹಣವನ್ನಲ್ಲ: ಶ್ವಾಸಕೋಶದ ಆಸ್ಪತ್ರೆ, ಹೊಗೆಪೀಡಿತರಿಗೆ ಉಚಿತ ಚಿಕಿತ್ಸೆ, ಹೊಗೆ ಕವಿದಾಗ ಆಶ್ರಯ ಪಡೆಯಲು ಶುದ್ಧ ಗಾಳಿಯ ಕೋಣೆಗಳು, ಪರಿಸರ ಕಾನೂನಿನ ಜಾರಿಗೆ ಬೇಕಾದ ನಿಯಮಗಳು.

2017ರಲ್ಲಿ ಜಿಲ್ಲಾ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಉಚ್ಚ ನ್ಯಾಯಾಲಯವೂ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದವು. ಸರ್ಕಾರ ಮರುಪರಿಶೀಲನೆ ಕೋರಿತು. 2022ರ ನವೆಂಬರಿನಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ಕೋರಿಕೆಯನ್ನು ಮನ್ನಿಸಿತು. ಮೂರು ಸಲ ಗೆದ್ದವರು ನಾಲ್ಕನೆಯ ಸಲ ಸೋತರು.

ಆದರೂ ಆ ದಾವೆ ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ. ಹೊಗೆ ದೈವದ ಮುನಿಸಲ್ಲ, ಆಳುವವರ ಹೊಣೆ ಎಂಬ ಮಾತನ್ನು ಮೂರು ಹಂತದ ನ್ಯಾಯಾಲಯಗಳು ಒಮ್ಮೆ ಒಪ್ಪಿದ್ದವು. ಇಂದು ಅದೇ ಪಾಠ ಹೇಳುವ ಅವಕಾಶ ಸಿಕ್ಕರೆ, ಮಕ್ಕಳೇ, ಮಳೆಯ ಕಾಡೂ ಉರಿಯುತ್ತದೆ, ಮೊದಲು ಅದರ ನೀರನ್ನು ಬಸಿದವರಿರುತ್ತಾರೆ ಎಂದು ತಿದ್ದಿ ಹೇಳುವೆ.