ಒಂಟಿ ತೋಟೆಯ ರೈಫಲೂ ದೂರದರ್ಶಕವೂ

ದೂರದರ್ಶಕವು ಲೋಕಕ್ಕೆ ಪರಿಚಿತವಾದುದು 1608ರಲ್ಲಿ. ಆ ವರ್ಷ ಹಾಲೆಂಡಿನ ಕನ್ನಡಕದ ಕಸುಬಿನವನೊಬ್ಬನು ಅದಕ್ಕೆ ಹಕ್ಕುಪತ್ರವನ್ನು ಬೇಡಿದನು. ಮರುವರ್ಷವೇ ಗೆಲಿಲಿಯೋ ಅದನ್ನು ಆಕಾಶಕ್ಕೆ ತಿರುಗಿಸಿದನು. ಆ ವೇಳೆಗೆ ಬಂದೂಕವು ಹಳೆಯ ಆಯುಧವಾಗಿದ್ದಿತು. ನಳಿಗೆಯ ಒಳಮೈಯಲ್ಲಿ ಸುರುಳಿಗೆರೆಗಳನ್ನು ಕೊರೆದು, ಗುಂಡು ತನ್ನ ಸುತ್ತಲೂ ತಿರುಗುತ್ತ ಹಾರುವಂತೆ ಮಾಡುವ ರೈಫಲಿನ ವಿದ್ಯೆಯೂ ಜರ್ಮನಿಯ ಕುಶಲಿಗಳಿಗೆ ತಿಳಿದಿದ್ದಿತು. ಒಂದು ಯಂತ್ರ ದೂರದ್ದನ್ನು ಹತ್ತಿರಕ್ಕೆ ತರುವುದು, ಇನ್ನೊಂದು ದೂರದ್ದನ್ನು ಹೊಡೆಯುವುದು. ಇವೆರಡನ್ನೂ ಕೂಡಿಸಬೇಕೆಂಬ ಯೋಚನೆ ಯಾರಿಗಾದರೂ ಹೊಳೆಯತಕ್ಕದ್ದೇ. ಆದರೂ ಇವು ನೆಚ್ಚತಕ್ಕ ರೀತಿಯಲ್ಲಿ ಕೂಡಿದುದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಇಷ್ಟು ದೀರ್ಘವಾದ ವಿಳಂಬವೇಕೆ ಎಂಬ ಪ್ರಶ್ನೆಯೇ ನಮ್ಮನ್ನು ಈ ವಿಷಯಕ್ಕೆ ಎಳೆದುದು.

ಗಾಜಿನ ಕೊರತೆಯೇ ಕಾರಣವೆಂದು ಮೊದಲು ತೋರಬಹುದು. ಅದು ಅರ್ಧ ಮಾತು. ಒಳ್ಳೆಯ ಗಾಜು ದೊರೆತ ಮೇಲೂ ಹಲವು ದಶಕಗಳು ಕಳೆದುವು. ನಿಜವಾದ ತೊಡಕಿದ್ದುದು ಕಬ್ಬಿಣದ ಮೇಲೆ ಗಾಜನ್ನು ನಿಲ್ಲಿಸುವುದರಲ್ಲಿ. ಮದ್ದು ಸಿಡಿದಾಗ ಬಂದೂಕವು ಹಿಂದಕ್ಕೆ ಒದೆಯುತ್ತದೆ. ಆ ಒದೆತದಲ್ಲಿ ಕೊಳವೆ ಕೂದಲೆಳೆಯಷ್ಟು ಅಲುಗಿದರೂ ಗುರಿ ಮೊಳಗಟ್ಟಲೆ ತಪ್ಪುತ್ತದೆ. ಗುಂಡು ದೂರ ಹೋದಷ್ಟೂ ಕೆಳಗೆ ಬೀಳುವುದರಿಂದ, ದೂರಕ್ಕೆ ತಕ್ಕಂತೆ ಕೊಳವೆಯ ಹಿಂಬದಿಯನ್ನು ಏರಿಸಿ ಇಳಿಸುವ ಉಪಾಯವೂ ಬೇಕು. ಮೇಲಾಗಿ ಬಂದೂಕವನ್ನು ತುಂಬುವ ಕೈಗೂ ಸಿಡಿಸುವ ಬೆರಳಿಗೂ ಅದು ಅಡ್ಡವಾಗಕೂಡದು. ಈ ಮೂರು ತೊಡಕುಗಳನ್ನು ಬಿಡಿಸಿದವರು ವಿದ್ವತ್ಸಭೆಗಳ ಪಂಡಿತರಲ್ಲ. ಬಹುಮಟ್ಟಿಗೆ ಸಣ್ಣ ಊರುಗಳ ಬಂದೂಕದ ಕಮ್ಮಾರರು.

ಬರಿಗಣ್ಣಿನಿಂದ ಗುರಿಯಿಡುವವನ ಕಷ್ಟವನ್ನು ಇಲ್ಲಿ ಹೇಳಬೇಕು. ಅವನು ಕಣ್ಣಿನ ಬಳಿಯಲ್ಲಿರುವ ಕಚ್ಚನ್ನೂ, ನಳಿಗೆಯ ಮೂತಿಯ ಮೇಲಿರುವ ಮಣಿಯನ್ನೂ, ನೂರಾರು ಗಜ ಆಚೆಯ ಗುರಿಯನ್ನೂ ಒಂದೇ ಗೆರೆಯಲ್ಲಿ ತರಬೇಕು. ಮನುಷ್ಯನ ಕಣ್ಣು ಏಕಕಾಲದಲ್ಲಿ ಮೂರು ದೂರಗಳಿಗೆ ಹೊಂದಿಕೊಳ್ಳಲಾರದು. ಒಂದು ಸ್ಪಷ್ಟವಾದರೆ ಉಳಿದೆರಡು ಮಸುಕು. ನಲವತ್ತು ದಾಟಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೂರದರ್ಶಕದಲ್ಲಾದರೋ ಗುರಿಯ ಬಿಂಬವು ಬೀಳುವ ಸ್ಥಳದಲ್ಲಿಯೇ ಒಂದನ್ನೊಂದು ಹಾಯುವ ಎರಡು ಸೂಕ್ಷ್ಮವಾದ ಎಳೆಗಳನ್ನು ಕಟ್ಟಿರುತ್ತಾರೆ. ಎಳೆಯೂ ಗುರಿಯೂ ಕಣ್ಣಿಗೆ ಒಂದೇ ದೂರದಲ್ಲಿ ಕಾಣುತ್ತವೆ. ದೊಡ್ಡದಾಗಿ ಕಾಣಿಸುವುದಕ್ಕಿಂತ ಇದೇ ದೊಡ್ಡ ಉಪಕಾರವೆಂದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನಿಂದ ಅಮೆರಿಕಾಕ್ಕೆ ಹೋದ ಜಾನ್ ಚಾಪ್‌ಮನ್ ಎಂಬ ಯಂತ್ರಶಾಸ್ತ್ರಜ್ಞನು 1848ರಲ್ಲಿ ರೈಫಲನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ದೂರದರ್ಶಕದ ಜೋಡಣೆಯನ್ನು ಕ್ರಮವಾಗಿ ವರ್ಣಿಸಿದನು. ನ್ಯೂಯಾರ್ಕ್ ಸಂಸ್ಥಾನದ ಯೂಟಿಕಾ ಎಂಬ ಊರಿನಲ್ಲಿ ಮಾರ್ಗನ್ ಜೇಮ್ಸ್ ಎಂಬ ಕುಶಲಿಯು ಅಂಥ ಬಂದೂಕಗಳನ್ನು ಮಾಡುತ್ತಿದ್ದನು. ಅಲ್ಲಿಗೆ ಹೆಚ್ಚು ದೂರವಲ್ಲದ ಸಿರಾಕ್ಯೂಸಿನಲ್ಲಿ ವಿಲಿಯಂ ಮಾಲ್ಕಂ 1855ರಲ್ಲಿ ಅಂಗಡಿಯಿಟ್ಟು, ಬಣ್ಣದ ಅಂಚು ತೋರದ ಜೋಡಿ ಮಸೂರಗಳನ್ನು ಬಳಸಿ, ಏರಿಳಿತಕ್ಕೂ ಎಡಬಲಕ್ಕೂ ಉತ್ತಮವಾದ ತಿರುಪುಗಳನ್ನು ಒದಗಿಸಿದನು. ಅವನ ಕೊಳವೆಗಳು ಮುಕ್ಕಾಲು ಅಂಗುಲದಷ್ಟು ಸಪೂರ. ಉದ್ದದಲ್ಲಿ ಮಾತ್ರ ಅನೇಕವು ನಳಿಗೆಗೆ ಸರಿಸಮ. ಈಗಿನ ಕಣ್ಣಿಗೆ ಅದು ಬಂದೂಕದ ಮೇಲೆ ಮಲಗಿಸಿದ ಬೆತ್ತದಂತೆ ಕಾಣುತ್ತದೆ.

ಇಷ್ಟು ಉದ್ದವೇಕೆ? ಸ್ವಲ್ಪ ಲೆಕ್ಕ ಮಾಡಿದರೆ ಇದರ ಜಾಣ್ಮೆ ತಿಳಿಯುತ್ತದೆ. ನೂರು ಗಜವೆಂದರೆ 3600 ಅಂಗುಲ. ಕೊಳವೆಯನ್ನು ಹಿಡಿದಿರುವ ಎರಡು ಆಧಾರಗಳ ನಡುವೆ 30 ಅಂಗುಲವಿದ್ದರೆ, ಹಿಂದಿನ ಆಧಾರವನ್ನು ಅಂಗುಲದ ನೂರನೆಯ ಒಂದು ಭಾಗದಷ್ಟು ಏರಿಸಿದಾಗ ಗುಂಡು ನೂರು ಗಜದಲ್ಲಿ 1.2 ಅಂಗುಲ ಮೇಲಕ್ಕೆ ಬೀಳುತ್ತದೆ. ಇಪ್ಪತ್ತನೆಯ ಶತಮಾನದ ಗುರಿಬಂದೂಕಗಳಲ್ಲಿ ಈ ಅಂತರ 7.2 ಅಂಗುಲವೆಂದು ರೂಢಿಯಾಯಿತು. ಅಲ್ಲಿ ಅಷ್ಟೇ ಏರಿಕೆಗೆ ಗುಂಡು 5 ಅಂಗುಲ ಸರಿಯುತ್ತದೆ. ಆದುದರಿಂದ ಅಂಗುಲದ ಸಾವಿರದ ಒಂದು ಭಾಗವನ್ನು ಅಳೆಯುವ ತಿರುಪು ಇಲ್ಲದೆ ಗಿಡ್ಡ ಕೊಳವೆಯಿಂದ ಪ್ರಯೋಜನವಿಲ್ಲ. ಕೈಯಿಂದ ಅರದಲ್ಲಿ ಉಜ್ಜಿ ತಿರುಪು ಮಾಡುತ್ತಿದ್ದ ಕಮ್ಮಾರನು ತನ್ನ ಕೈಯ ಒರಟುತನವನ್ನು ಕೊಳವೆಯ ಉದ್ದದಿಂದ ತುಂಬಿಕೊಂಡನು.

ಇದೇ ಕಾಲದಲ್ಲಿ ಇನ್ನೊಂದು ದಾರಿಯನ್ನು ಹಿಡಿದವನಿಗೂ ನಮ್ಮ ದೇಶಕ್ಕೂ ಸಂಬಂಧವುಂಟು. ಡೇವಿಡ್ ಡೇವಿಡ್‌ಸನ್ ಎಂಬ ಸ್ಕಾಟ್ಲೆಂಡಿನವನು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದನು. ಇಲ್ಲಿನ ಬೇಟೆಯಲ್ಲಿ ದೂರದರ್ಶಕ ಹೊತ್ತ ರೈಫಲಿನ ರುಚಿ ಕಂಡವನು, ಸ್ವದೇಶಕ್ಕೆ ಹಿಂದಿರುಗಿ 1862ರಲ್ಲಿ ತನ್ನ ಜೋಡಣೆಗೆ ಹಕ್ಕುಪತ್ರವನ್ನು ಪಡೆದನು. ಅವನ ಕೊಳವೆ ಗಿಡ್ಡ, ಶಕ್ತಿಯೂ ಕಡಿಮೆ; ಸುಮಾರು ನಾಲ್ಕು ಪಟ್ಟು. ಅದನ್ನು ನಳಿಗೆಯ ಮೇಲಿಡದೆ ಬಂದೂಕದ ಎಡಮಗ್ಗುಲಿಗೆ ಬಿಗಿದನು. ಇದರಿಂದ ಹಳೆಯ ಕಬ್ಬಿಣದ ಗುರಿಕಚ್ಚುಗಳು ಮುಚ್ಚಿಹೋಗಲಿಲ್ಲ. ಬಲಗಡೆಯಲ್ಲಿದ್ದ ಕುದುರೆಗೂ ಕಿಡಿಗೂ ಗಾಜು ದೂರವಾಯಿತು.

ಈ ದೂರದರ್ಶಕಕ್ಕೆ ತಕ್ಕ ಜೋಡಿಯಾಗಿ ದೊರೆತುದು ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತನು ಮಾಡಿದ ಆರು ಮೂಲೆಯ ಒಳಮೈಯ ರೈಫಲ್. 1857ರ ಪರೀಕ್ಷೆಗಳಲ್ಲಿ ಅದು ಸರ್ಕಾರದ ಎನ್‌ಫೀಲ್ಡನ್ನು ಬಹುದೂರ ಹಿಂದಿಕ್ಕಿತು. ಅದೇ ವರ್ಷ, ಅದೇ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟೆಗಳಿಂದ ಉತ್ತರ ಹಿಂದೂಸ್ಥಾನದಲ್ಲಿ ಹೊತ್ತಿದ ಬೆಂಕಿಯನ್ನು ಯಾರೂ ಮರೆತಿಲ್ಲವಷ್ಟೆ. 1860ರಲ್ಲಿ ವಿಂಬಲ್ಡನ್ನಿನ ಗುರಿಸ್ಪರ್ಧೆಯನ್ನು ಆರಂಭಿಸಿದ ವಿಕ್ಟೋರಿಯಾ ರಾಣಿಯು ಸಿಡಿಸಿದುದೂ ವಿಟ್‌ವರ್ತ್ ರೈಫಲೇ. ಕಬ್ಬಿಣದ ಪೀಠಕ್ಕೆ ಅದನ್ನು ಬಿಗಿದು, ಮೊದಲೇ ಗುರಿಯಿಟ್ಟು, ರಾಣಿಯ ಕೈಗೆ ಒಂದು ದಾರವನ್ನು ಮಾತ್ರ ಕೊಟ್ಟಿದ್ದರು. ಗುಂಡು ನಾನೂರು ಗಜದಲ್ಲಿ ಗುರಿಯ ನಡುವಿಗೆ ಅಂಗುಲವೊಂದರ ಆಸುಪಾಸಿನಲ್ಲಿ ನಾಟಿತು. ಬೆಲೆ ಹೆಚ್ಚೆಂದು ಇಂಗ್ಲಿಷ್ ಸೈನ್ಯ ಈ ಬಂದೂಕವನ್ನು ಒಪ್ಪಲಿಲ್ಲ. ಅಮೆರಿಕಾದ ಅಂತರ್ಯುದ್ಧದಲ್ಲಿ ದಕ್ಷಿಣ ಪಕ್ಷದವರು ಕೆಲವನ್ನು ತರಿಸಿಕೊಂಡು, ಡೇವಿಡ್‌ಸನ್ನನ ದೂರದರ್ಶಕದೊಡನೆ ತಮ್ಮ ಅತ್ಯುತ್ತಮ ಗುರಿಕಾರರಿಗೆ ಕೊಟ್ಟರು.

1864ನೆಯ ಮೇ 9ರಂದು ಸ್ಪಾಟ್‌ಸಿಲ್ವೇನಿಯದಲ್ಲಿ ಉತ್ತರ ಪಕ್ಷದ ಸೇನಾನಿ ಜಾನ್ ಸೆಜ್‌ವಿಕ್ಕನು, ದೂರದಿಂದ ಬರುತ್ತಿದ್ದ ಗುಂಡುಗಳಿಗೆ ತಲೆತಗ್ಗಿಸುತ್ತಿದ್ದ ತನ್ನ ಸಿಪಾಯಿಗಳನ್ನು ಹಾಸ್ಯ ಮಾಡುತ್ತಿದ್ದನು. ಕೆಲವೇ ಕ್ಷಣಗಳಲ್ಲಿ ಎಡಗಣ್ಣಿನ ಕೆಳಗೆ ಗುಂಡು ತಗುಲಿ ಸತ್ತನು. ಅದು ವಿಟ್‌ವರ್ತಿನ ಗುಂಡೆಂಬ ಪ್ರತೀತಿ ಬಲವಾಗಿದೆ, ಸಾಕ್ಷ್ಯ ಅಷ್ಟು ಬಲವಾಗಿಲ್ಲ. ಅವನ ಮರಣದಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಶತ್ರುವಿನ ಮುಖ ಕಾಣದಷ್ಟು ದೂರದಲ್ಲಿ ನಿಂತವನು ಸುರಕ್ಷಿತನೆಂಬ ಹಳೆಯ ನಂಬಿಕೆಯಿಂದಲೇ ಆ ಅನುಭವಶಾಲಿ ನಕ್ಕದ್ದು. ಆ ದೂರ ಆಗಲೇ ಅಳಿದುಹೋಗಿತ್ತು. ಅವನಿಗೆ ಸುದ್ದಿ ತಲುಪಿರಲಿಲ್ಲ.

ಯುದ್ಧ ಮುಗಿದ ಮೇಲೆ ಬಂದುದು, ಹಿಂಬದಿಯಿಂದ ಒಂದೊಂದೇ ಹಿತ್ತಾಳೆಯ ತೋಟೆಯನ್ನು ತುಂಬುವ ರೈಫಲುಗಳ ಸುವರ್ಣಕಾಲ. ಇವುಗಳ ಮೇಲೆ ದೂರದರ್ಶಕವನ್ನು ಕೂರಿಸುವುದು ಒಂದೊಂದರಲ್ಲಿ ಒಂದೊಂದು ಬಗೆಯ ಪೇಚು. ಶಾರ್ಪ್ಸ್ ರೈಫಲಿನ ಕುದುರೆ ಬಲಮಗ್ಗುಲಲ್ಲಿರುವುದರಿಂದ ನಡುಗೆರೆ ಬಿಡುವಾಗಿದೆ. ಸನ್ನೆಯನ್ನು ಕೆಳಕ್ಕೆ ಒತ್ತಿದರೆ ಉಕ್ಕಿನ ದಿಂಡು ಕೆಳಗಿಳಿದು ನಳಿಗೆಯ ಹಿಂಬಾಯಿ ತೆರೆಯುತ್ತದೆ. ತೋಟೆಯನ್ನು ಒಳಕ್ಕೆ ತಳ್ಳುವ ಹೆಬ್ಬೆರಳಿಗೆ ಎಡೆಯಿದ್ದರೆ ಸಾಕು. ರೆಮಿಂಗ್ಟನ್ನಿನಲ್ಲಿ ಹಾಗಲ್ಲ, ಕುದುರೆಯೂ ಅದರ ಮುಂದಿನ ದಿಂಡೂ ನಡುಗೆರೆಯಲ್ಲಿಯೇ ಹಿಂದಕ್ಕೆ ಉರುಳಬೇಕು, ಎರಡನ್ನೂ ಹೆಬ್ಬೆರಳಿನಿಂದ ಎಳೆಯಬೇಕು. ಕೊಳವೆಯನ್ನು ತಗ್ಗಿಸಿದರೆ ಬೆರಳು ಸಿಕ್ಕಿಕೊಳ್ಳುತ್ತದೆ; ಎತ್ತರಿಸಿದರೆ ಕೆನ್ನೆ ಮರದಿಂದ ಮೇಲೇಳುತ್ತದೆ, ಗುರಿ ನಡುಗುತ್ತದೆ. ಆಗ್ಡನ್ನಿನ ಜಾನ್ ಬ್ರೌನಿಂಗ್ 1879ರಲ್ಲಿ ಹಕ್ಕುಪತ್ರ ಪಡೆದ ರೈಫಲನ್ನು ವಿಂಚೆಸ್ಟರ್ ಸಂಸ್ಥೆ ಎಂಟು ಸಾವಿರ ಡಾಲರಿಗೆ ಕೊಂಡು 1885ರಿಂದ ಮಾರಿತು. ಗಟ್ಟಿತನದಲ್ಲಿ ಅದಕ್ಕೆ ಎಣೆ ಕಡಿಮೆ. ಆದರೆ ಅದರ ಕುದುರೆಯೂ ನಡುವಿನಲ್ಲಿಯೇ. ಸ್ಕಾಟ್ಲೆಂಡಿನ ಜಾನ್ ಫಾರ್ಕರ್‌ಸನ್ನನ 1872ರ ರೈಫಲಿನಲ್ಲಿ ಮಾತ್ರ ಕುದುರೆ ಒಳಗೆ ಅಡಗಿತ್ತು, ಮೇಲ್ಭಾಗವೆಲ್ಲ ಬಯಲು.

ಬಲ್ಲವರು ಕಡಿಮೆ ಶಕ್ತಿಯ ದೂರದರ್ಶಕವನ್ನೇ ಏಕೆ ಮೆಚ್ಚಿದರೆಂದು ಕೇಳಬಹುದು. ಮಾಲ್ಕಂ ಇಪ್ಪತ್ತು ಪಟ್ಟಿನವನ್ನೂ ಮಾಡುತ್ತಿದ್ದನಷ್ಟೆ. ಮುಂದಿನ ಮಸೂರದ ಅಗಲವನ್ನು ಶಕ್ತಿಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ದಪ್ಪ ದೊರೆಯುತ್ತದೆ. ಹದಿನಾರು ಮಿಲಿಮೀಟರ್ ಮಸೂರಕ್ಕೆ ನಾಲ್ಕು ಪಟ್ಟಾದರೆ ನಾಲ್ಕು ಮಿಲಿಮೀಟರ್. ಇಪ್ಪತ್ತು ಪಟ್ಟಾದರೆ ಒಂದಕ್ಕೂ ಕಡಿಮೆ. ಮಬ್ಬುಗತ್ತಲೆಯಲ್ಲಿ ಕಣ್ಣಿನ ಪಾಪೆ ಐದಾರು ಮಿಲಿಮೀಟರ್ ಅರಳಿ ಕಾದಿರುವಾಗ ಸೂಜಿಯಷ್ಟು ಬೆಳಕು ಯಾವ ಮೂಲೆಗೆ? ಅಲ್ಲದೆ ಶಕ್ತಿ ಹೆಚ್ಚಿದಂತೆ ಕಾಣುವ ಬಯಲು ಕಿರಿದಾಗುತ್ತದೆ. ಕೈಯ ನಡುಕವೂ ಬಿಸಿಲಿನ ಅಲೆಯೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತವೆ. ಚಾಪ್‌ಮನ್ನನ ಕಾಲದ ಮೂವತ್ತು ಪೌಂಡು ತೂಕದ ಬಂದೂಕಗಳನ್ನು ಮೇಜಿನ ಮೇಲಿಟ್ಟು ಸಿಡಿಸುವವರಿಗೆ ಹೆಚ್ಚಿನ ಶಕ್ತಿ ಒಗ್ಗಬಹುದು. ಹೆಗಲಲ್ಲಿ ಹೊತ್ತು ತಿರುಗುವವನಿಗೆ ನಾಲ್ಕೈದು ಪಟ್ಟು ಧಾರಾಳ.

ಹಾಗೆ ಹೊತ್ತು ತಿರುಗಿದವರಲ್ಲಿ ಅಮೆರಿಕಾದ ಬಯಲುಸೀಮೆಯ ಬೈಸನ್ ಬೇಟೆಗಾರರು ಪ್ರಸಿದ್ಧರು. ಇದು ನಮ್ಮ ಮಲೆನಾಡಿನ ಕಾಟಿಯಲ್ಲ. ಕಾಟಿಗೆ ಬೈಸನ್ನೆಂಬ ಹೆಸರು ತೋಟದ ದೊರೆಗಳ ರೂಢಿಯಿಂದ ಬಂದುದು. 1870ರ ದಶಕದಲ್ಲಿ ಇವರಲ್ಲಿ ಕೆಲವರು ಶಾರ್ಪ್ಸಿನ ಮೇಲೆ ಮಾಲ್ಕಂ ಕೊಳವೆಯನ್ನು ಬಿಗಿದಿದ್ದರು. ಕವೆಗೋಲಿನ ಮೇಲೆ ನಳಿಗೆಯನ್ನಿಟ್ಟು ಇನ್ನೂರು ಮುನ್ನೂರು ಗಜದಿಂದ ಮೊದಲು ಮಂದೆಯ ಮುಂದಾಳನ್ನು ಕೆಡಹುವರು. ಹೊಡೆತ ಎಲ್ಲಿಂದ ಬಂದಿತೆಂದು ತಿಳಿಯದ ಮಂದೆ ಓಡದೆ ಅಲ್ಲಿಯೇ ಸುತ್ತುವುದು. ಉಳಿದವನ್ನು ಒಂದೊಂದಾಗಿ ಉರುಳಿಸುವರು. 1883ರ ವೇಳೆಗೆ ದೊಡ್ಡ ಮಂದೆಗಳೆಂಬುವು ಉಳಿಯಲಿಲ್ಲ. ವಿಲಿಯಂ ಹಾರ್ನಡೆಯು 1889ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ ಇಡೀ ಉತ್ತರ ಅಮೆರಿಕಾದಲ್ಲಿ, ಸಾಕಿದವೂ ಸೇರಿ, ಲೆಕ್ಕಕ್ಕೆ ಸಿಕ್ಕಿದುವು 1091. ಈ ಹಾರ್ನಡೆ 1877ರಲ್ಲಿ ಇಂಡಿಯಾಕ್ಕೆ ಬಂದು, ನಮ್ಮ ನೆರೆಯ ನೀಲಗಿರಿ ಆನೆಮಲೆಗಳ ಕಾಡುಗಳಲ್ಲಿ ವಸ್ತುಸಂಗ್ರಹಾಲಯಕ್ಕಾಗಿ ಮೃಗಗಳನ್ನು ಹೊಡೆದವನು. ಬೈಸನ್ ಅಳಿಯುತ್ತಿದೆಯೆಂದು ತಿಳಿದು 1886ರಲ್ಲಿ ಮೊಂಟಾನಕ್ಕೆ ಹೋಗಿ, ಪ್ರದರ್ಶನಕ್ಕೆ ಮಾದರಿಗಳು ಬೇಕೆಂದು ಮತ್ತಷ್ಟನ್ನು ಕೊಂದುದೂ ಅವನೇ. ಅನಂತರ ಉಳಿದವುಗಳ ರಕ್ಷಣೆಗೆ ಟೊಂಕಕಟ್ಟಿದವನೂ ಅವನೇ.

ಈ ಸಂಹಾರದ ಪಾಪವನ್ನೆಲ್ಲ ಗಾಜಿನ ಮೇಲೆ ಹೊರಿಸುವವರಿದ್ದಾರೆ. ನಾವು ಒಪ್ಪಲಾರೆವು. ಹೆಚ್ಚಿನ ಬೇಟೆಗಾರರು ಬರಿಯ ಕಬ್ಬಿಣದ ಗುರಿಕಚ್ಚಿನಿಂದಲೇ ಹೊಡೆದವರು. ತೊಗಲನ್ನು ಪೂರ್ವತೀರಕ್ಕೆ ಸಾಗಿಸಿದ ರೈಲುದಾರಿಯೂ, ಅದನ್ನು ಯಂತ್ರದ ಪಟ್ಟಿಗಳಾಗಿ ಕೊಂಡ ಕಾರ್ಖಾನೆಗಳೂ, ಬೈಸನ್ ಅಳಿದರೆ ಅದನ್ನೇ ನಂಬಿದ ಮೂಲನಿವಾಸಿಗಳು ಮಣಿಯುವರೆಂದು ಸುಮ್ಮನಿದ್ದ ಅಧಿಕಾರಿಗಳೂ ಇದರಲ್ಲಿ ಮಾಲ್ಕಮ್ಮನಿಗಿಂತ ದೊಡ್ಡ ಪಾಲುಗಾರರು. ಗುರಿಗಾರಿಕೆಯೂ ಗಾಜಿಲ್ಲದೆ ನಿಲ್ಲುವುದಾಗಿರಲಿಲ್ಲ. 1874ರಲ್ಲಿ ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರಿನಲ್ಲಿ ಐರಿಷ್ ತಂಡವನ್ನು ಅಮೆರಿಕನ್ನರು 934ಕ್ಕೆ 931ರಂತೆ ಸೋಲಿಸಿದ ಪ್ರಸಿದ್ಧ ಪಂದ್ಯದಲ್ಲಿ ಸಾವಿರ ಗಜದ ವರೆಗೂ ಹೊಡೆದುದು ದೂರದರ್ಶಕವಿಲ್ಲದ ರೈಫಲುಗಳಿಂದ.

ಮುಂದೆ ಒಂದರ ಹಿಂದೊಂದು ತೋಟೆ ನುಗ್ಗುವ ಬಂದೂಕಗಳು ಬಂದು, ಒಂಟಿ ತೋಟೆಯವು ಮೂಲೆಗೆ ಸರಿದುವು. 1885ರ ವಿಂಚೆಸ್ಟರಿನ ತಯಾರಿಕೆ 1920ರ ಸುಮಾರಿಗೆ ನಿಂತಿತು. ಆದರೆ ಜೋಡಣೆಯ ಕಥೆಗೆ ಇನ್ನೊಂದು ಅಧ್ಯಾಯವಿತ್ತು. 1967ರಲ್ಲಿ ಅಮೆರಿಕಾದ ವಿಲಿಯಂ ರೂಗರನು ಫಾರ್ಕರ್‌ಸನ್ನನ ಮಾದರಿಯಿಂದ ಸ್ಫೂರ್ತಿಗೊಂಡು ಹೊಸದೊಂದು ಒಂಟಿ ತೋಟೆಯ ರೈಫಲನ್ನು ಹೊರತಂದನು. ಕುದುರೆ ಒಳಗೆ ಅಡಗಿದೆ. ನಳಿಗೆಯ ಹಿಂಭಾಗದ ಮೇಲೆ ಗಿಡ್ಡವಾದ ಉಕ್ಕಿನ ಏಣೊಂದನ್ನು ಕೂರಿಸಿ, ದೂರದರ್ಶಕದ ಬಳೆಗಳು ಕಚ್ಚುವ ಗುಳಿಗಳನ್ನು ಕಾರ್ಖಾನೆಯಲ್ಲಿಯೇ ಅದರಲ್ಲಿ ಕಡೆದಿದ್ದಾರೆ. ಅದರ ಒಂದು ಮಾದರಿಗಂತೂ ಕಬ್ಬಿಣದ ಗುರಿಕಚ್ಚನ್ನೇ ಇಟ್ಟಿರಲಿಲ್ಲ.