ದೀಪದ ಎಣ್ಣೆಯ ಲೆಕ್ಕ

ವಿದ್ಯೆಯ ಮಾತು ಬಂದಾಗ ನಾವು ಗುರುವನ್ನು ನೆನೆಯುತ್ತೇವೆ, ಗ್ರಂಥವನ್ನು ನೆನೆಯುತ್ತೇವೆ. ಆ ಗ್ರಂಥವನ್ನು ಇರುಳಿನಲ್ಲಿ ಓದಲು ಉರಿಸಿದ ದೀಪಕ್ಕೆ ಎಣ್ಣೆ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ನಮ್ಮ ಹಿರಿಯರು ಕೇಳಿದ್ದರು, ಉತ್ತರವನ್ನು ಕಲ್ಲಿನ ಮೇಲೆ ಬರೆಯಿಸಿಯೂ ಇಟ್ಟಿದ್ದರು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಅವನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದ ಆ ಶಾಲೆಗೆ ಏನೇನು ದತ್ತಿ ಸಂದಿತು ಎಂಬುದನ್ನು ಶಾಸನ ಬಿಡಿಬಿಡಿಯಾಗಿ ಹೇಳುತ್ತದೆ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು. ದೀಪದ ಖರ್ಚಿಗೆ 12 ನಿವರ್ತನ ಭೂಮಿ. ಅಧ್ಯಾಪಕನ ಜೀವಿತಕ್ಕೆ 50 ನಿವರ್ತನ. ಇಷ್ಟಕ್ಕೇ ಮುಗಿಯಲಿಲ್ಲ. ಊರಿನಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದಕ್ಕೂ ಕಡಿಮೆ ಎಂದು ಗೃಹಸ್ಥರು ಶಾಲೆಗೆ ಕೊಡಬೇಕಾದ ಕಾಣಿಕೆಯನ್ನೂ ಗೊತ್ತುಪಡಿಸಿದ್ದರು.

ಈ ಶಾಸನವನ್ನು ಭಾಷೆಗಾಗಿ ಓದಿದವರು ಉಂಟು, ರಾಜವಂಶದ ಕಾಲನಿರ್ಣಯಕ್ಕಾಗಿ ಓದಿದವರು ಉಂಟು. ನಾನು ಇಂದು ಅದನ್ನು ಒಂದು ಆಯವ್ಯಯ ಪತ್ರವೆಂದು ಓದಬಯಸುತ್ತೇನೆ. ಮನೆಗೊಂದು ಬಾಬ್ತು, ದೀಪಕ್ಕೊಂದು ಬಾಬ್ತು, ಅಧ್ಯಾಪಕನಿಗೊಂದು ಬಾಬ್ತು. ವಿದ್ಯೆಯನ್ನು ಪೂಜ್ಯವೆಂದು ಭಾವಿಸಿದ ಆ ಜನ ಅದರ ಖರ್ಚನ್ನು ಮಾತನಾಡಲು ನಾಚಲಿಲ್ಲ. ನಾಚಿಕೆ ನಮಗೆ ಆಮೇಲೆ ಬಂದದ್ದು. ಕನ್ನಡ ಎಂ.ಎ. ತರಗತಿಯಲ್ಲಿ ನಮಗೆ ಹಳಗನ್ನಡ ಕಲಿಸಿದರು, ಛಂದಸ್ಸು ಕಲಿಸಿದರು, ಪಾಠಾಂತರಗಳನ್ನು ತೂಗಿ ಶುದ್ಧಪಾಠ ನಿರ್ಣಯಿಸುವುದನ್ನು ಕಲಿಸಿದರು. ಸಂಶೋಧನೆಗೆ ಹಣ ಬೇಕಾಗುತ್ತದೆ, ಅದನ್ನು ಕೇಳುವುದಕ್ಕೊಂದು ರೀತಿಯಿದೆ, ಬಂದುದನ್ನು ಕಾಯ್ದುಕೊಳ್ಳುವುದಕ್ಕೊಂದು ರೀತಿಯಿದೆ ಎಂದು ಯಾರೂ ಹೇಳಲಿಲ್ಲ. ನಾನೂ ಆ ಪರಂಪರೆಯಲ್ಲೇ ಅಧ್ಯಾಪಕನಾಗಿ ನಿವೃತ್ತನಾದೆ.

ಈ ಮಾತನ್ನು ವಿಚಾರ ಮಾಡಲು ಕೃಷ್ಣಾತೀರಕ್ಕಿಂತ ತಕ್ಕ ನೆಲ ನನಗೆ ಕಾಣದು. ಬೀಳಗಿ ತಾಲೂಕಿನ ಗಲಗಲಿಯನ್ನೇ ತೆಗೆದುಕೊಳ್ಳಿರಿ. ಗಾಲವ ಋಷಿಯಿಂದ ಊರಿಗೆ ಆ ಹೆಸರು ಬಂತೆಂದು ಐತಿಹ್ಯ. ದಾಸಸಾಹಿತ್ಯದ ಸ್ತ್ರೀಕವಿಗಳಲ್ಲಿ ಹಿರಿಯರಾದ ಗಲಗಲಿ ಅವ್ವನವರ ಊರು ಇದು. ಅವರ ಹಾಡುಗಳು ಹೆಣ್ಣುಮಕ್ಕಳ ಕೊರಳಿನಿಂದ ಕೊರಳಿಗೆ ದಾಟಿ ಉಳಿದವು. ನಮ್ಮ ಕಾಲದಲ್ಲಿ ಇದೇ ಊರಿನ ಹೆಸರು ಹೊತ್ತ ಪಂಡಿತ ಪಂಢರಿನಾಥಾಚಾರ್ಯ ಗಲಗಲಿಯವರು 1983ರಲ್ಲಿ ತಮ್ಮ ಸಂಸ್ಕೃತ ಚಂಪೂಕಾವ್ಯಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಗಲಗಲಿಯಿಂದ ನದಿಯ ಮೇಲ್ದಿಕ್ಕಿಗೆ ಜಮಖಂಡಿಯ ಸೀಮೆಯನ್ನು ಹಾಯ್ದು ಹೋದರೆ ನೇಕಾರರ ಊರುಗಳಾದ ರಬಕವಿ-ಬನಹಟ್ಟಿ ಸಿಗುತ್ತವೆ. ಕನ್ನಡ ಸಂಶೋಧನೆಯ ಇತಿಹಾಸದಲ್ಲಿ ಮರೆಯಲಾಗದ ಒಂದು ಘಟನೆ ನಡೆದದ್ದು ಅಲ್ಲಿ. 1903ರಲ್ಲಿ, ಇನ್ನೂ ಕಾನೂನು ಓದುತ್ತಿದ್ದ ಇಪ್ಪತ್ಮೂರರ ತರುಣ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅಲ್ಲಿಯ ಒಂದು ಮನೆಯಲ್ಲಿ ವಚನಗಳ ಓಲೆಗರಿಯ ಕಟ್ಟುಗಳನ್ನು ಕಂಡರು. ಆ ಮನೆಯಲ್ಲಿ ಪೂಜೆಗೊಳ್ಳುತ್ತಿದ್ದ ಕಟ್ಟು ಅವರ ಕೈಯಲ್ಲಿ ಓದಿನ ವಸ್ತುವಾಯಿತು.

ಮುಂದಿನ ಕಥೆಯನ್ನು ನಮ್ಮ ಕಡೆ ಬಲ್ಲವರೇ ಎಲ್ಲ. ಹಳಕಟ್ಟಿಯವರು 1904ರಲ್ಲಿ ಕಾನೂನು ಪದವಿ ಪಡೆದು ವಿಜಾಪುರದಲ್ಲಿ ವಕೀಲರಾದರು; ಬಿಡುವು ದೊರೆತಾಗಲೆಲ್ಲ ಊರೂರು ತಿರುಗಿ ಹಸ್ತಪ್ರತಿಗಳನ್ನು ಕೂಡಿಸಿದರು. ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಪ್ರತಿ ಹಿಂದಿರುಗಿ ಬಂತು. ಕೊನೆಗೆ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿ ಈ ಕಾರ್ಯ ಸಾಗದೆಂದು ಕಂಡಾಗ ಅವರು ಇದ್ದ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು, ಮರುವರ್ಷ ‘ನವಕರ್ನಾಟಕ’. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1964ರಲ್ಲಿ ತೀರಿಕೊಂಡಾಗ ಅವರದೆನ್ನಲು ಒಂದು ಸ್ವಂತ ಮನೆ ಇರಲಿಲ್ಲ.

ಮನೆ ಮಾರಿದ ಸಂಗತಿಯನ್ನು ನಾವು ಸಭೆಗಳಲ್ಲಿ ಕಣ್ಣು ತುಂಬಿ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಅದೊಂದನ್ನೇ ಹೇಳುವುದರಿಂದ ಎರಡು ಅನ್ಯಾಯಗಳಾಗುತ್ತವೆ ಎಂಬುದು ನನ್ನ ಎಣಿಕೆ.

ಮೊದಲನೆಯ ಅನ್ಯಾಯ ಹಳಕಟ್ಟಿಯವರಿಗೇ. ಅವರು ಹಣದ ವ್ಯವಹಾರವನ್ನು ಅರಿಯದ ವಿರಾಗಿಯಾಗಿರಲಿಲ್ಲ. 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯನ್ನು ಕಟ್ಟಿದವರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ನಿಲ್ಲಿಸಿದವರು ಅವರೇ. 1904ರ ಸಹಕಾರಿ ಕಾಯಿದೆಯ ಬೆನ್ನಿಗೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ನಾಡು ಇದು. ಹತ್ತು ಜನರಿಂದ ಹತ್ತಾಣೆ ಕೂಡಿಸಿ, ಖಿರ್ದಿ ಬರೆದು, ವರ್ಷಕ್ಕೊಮ್ಮೆ ಸಭೆಯ ಮುಂದೆ ಲೆಕ್ಕ ಒಪ್ಪಿಸುವ ವಿದ್ಯೆಯನ್ನು ಆ ಪೀಳಿಗೆ ಹೊಸದಾಗಿ ಕಲಿಯುತ್ತಿತ್ತು. ಅಚ್ಚಿನ ಮೊಳೆ, ಕಾಗದ, ಮೊಳೆ ಜೋಡಿಸುವವರ ಪಗಾರ, ಅಂಚೆಯ ವೆಚ್ಚ, ಇವೆಲ್ಲವನ್ನೂ ಹೊತ್ತು ಒಂದು ಸಂಶೋಧನ ಪತ್ರಿಕೆಯನ್ನು ಮೂರು ದಶಕಗಳಿಗೂ ಮೀರಿ ನಡೆಸುವುದು ಕೇವಲ ತ್ಯಾಗದಿಂದ ಆಗುವ ಕೆಲಸವಲ್ಲ. ತ್ಯಾಗ ಮುದ್ರಣಾಲಯವನ್ನು ಕೊಂಡಿತು. ಅದನ್ನು ನಡೆಸಿದ್ದು ವ್ಯವಹಾರಜ್ಞಾನ.

ಎರಡನೆಯ ಅನ್ಯಾಯ ಇಂದಿನ ಸಂಶೋಧಕರಿಗೆ. ಮನೆ ಮಾರುವುದೇ ಸಂಶೋಧನೆಯ ಆದರ್ಶವೆಂದಾದರೆ, ಮಾರಲು ಮನೆಯಿಲ್ಲದವರು ಏನು ಮಾಡಬೇಕು? ಬನಹಟ್ಟಿಯ ಮಗ್ಗದ ಮನೆಯಿಂದ ಓದಲು ಬಂದ ಹುಡುಗಿ, ಬೀಳಗಿಯ ಕೂಲಿಕಾರನ ಮಗ, ಇವರು ಪಿಎಚ್.ಡಿ.ಗೆ ನಿಂತಾಗ ನಾವು ಹಳಕಟ್ಟಿಯವರ ಕಥೆಯನ್ನು ಹೇಳಿ ಕಳಿಸಿದರೆ, ಸಂಶೋಧನೆ ಉಳ್ಳವರಿಗೆ ಮಾತ್ರ ಎಂದು ಹೇಳಿದಂತಾಗುವುದಿಲ್ಲವೆ?

ಒಬ್ಬರು ಹೊತ್ತ ಹೊರೆಯನ್ನು ಸಂಸ್ಥೆಗಳು ಹೊರಬೇಕೆಂಬ ಅರಿವು ನಮ್ಮಲ್ಲಿ ಮೆಲ್ಲಗೆ ಬಂತು. 1939ರಲ್ಲಿ ಮುಂಬಯಿ ಸರಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ಅದು 1956ರಲ್ಲಿ ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ನೀಡಿ ತನ್ನ ಋಣವನ್ನು ಸ್ವಲ್ಪ ತೀರಿಸಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಶಾಸನಬದ್ಧವಾದದ್ದೂ ಅದೇ ವರ್ಷ. ಆ ಹೆಸರಿನಲ್ಲಿರುವ ‘ಧನಸಹಾಯ’ವೆಂಬ ಮಾತನ್ನು ಗಮನಿಸಬೇಕು. ಮುಂದೆ 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಒಂದೆಡೆ ಬಂದವು. ಒಂದು ಮನೆಯ ಬೆಲೆಯಿಂದ ಮೊದಲಾದ ಕೆಲಸ ಸಾರ್ವಜನಿಕ ಹಣದಿಂದ ತುಂಬುನೆಲೆಗೆ ಮುಟ್ಟಿತು. ಒಂದಿಲ್ಲದೆ ಇನ್ನೊಂದು ಆಗುತ್ತಿರಲಿಲ್ಲ.

ಈಗ ಹಣದ ಬಾಗಿಲುಗಳು ಹಿಂದಿಗಿಂತ ಹೆಚ್ಚು. ಒಳಹೋಗುವ ದಾರಿಯನ್ನು ಬಲ್ಲವರು ಕಡಿಮೆ. ಸಮಾಜವಿಜ್ಞಾನಗಳಿಗೆ 1969ರಲ್ಲಿ ಒಂದು ರಾಷ್ಟ್ರೀಯ ಸಂಶೋಧನ ಪರಿಷತ್ತು ಬಂತು, ಇತಿಹಾಸಕ್ಕೆ 1972ರಲ್ಲಿ ಇನ್ನೊಂದು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. 2023ರಲ್ಲಿ ಸಂಸತ್ತು ‘ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನ’ದ ಕಾಯಿದೆಯನ್ನು ಅಂಗೀಕರಿಸಿತು, ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಅಂದಾಜು, ಅದರಲ್ಲಿ ಬಹುಪಾಲು ಸರಕಾರೇತರ ಮೂಲಗಳಿಂದ ಕೂಡಬೇಕೆಂಬ ಲೆಕ್ಕ. ಅಲ್ಲಿ ಮಾನವಿಕಗಳಿಗೆ ಇರುವ ಎಡೆ ವಿಜ್ಞಾನ ತಂತ್ರಜ್ಞಾನಗಳೊಡನೆ ಅವು ಕೂಡುವ ಅಂಚಿನಲ್ಲಿ ಮಾತ್ರ. ಅಂದರೆ ಕನ್ನಡದ ಸಂಶೋಧಕ ತನ್ನ ಕೆಲಸವೇನೆಂಬುದನ್ನು ಬೇರೆ ಶಾಸ್ತ್ರದವರಿಗೂ ಮನಗಾಣಿಸಬಲ್ಲವನಾಗಬೇಕು.

ಇದಕ್ಕೆ ನಾವು ಅವನನ್ನು ಸಿದ್ಧಪಡಿಸುತ್ತಿದ್ದೇವೆಯೆ? ಧನಸಹಾಯ ಆಯೋಗದ 2009ರ ನಿಯಮಾವಳಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಕೋರ್ಸ್‌ವರ್ಕನ್ನು ಕಡ್ಡಾಯ ಮಾಡಿತು. 2019ರ ಕೊನೆಯಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯನ್ನು ಕುರಿತು 2 ಕ್ರೆಡಿಟ್‌ಗಳ, 30 ಗಂಟೆಗಳ ಪಾಠವೂ ಸೇರಿತು. ಕೃತಿಚೌರ್ಯ ಸಲ್ಲದೆಂದು ಅದು ಬೋಧಿಸುತ್ತದೆ, ಒಳ್ಳೆಯದು. ಅನುದಾನ ಕೇಳುವುದಕ್ಕೂ ನಿರ್ವಹಿಸುವುದಕ್ಕೂ ಅದರಲ್ಲಿ ಒಂದು ಘಟಕವಿಲ್ಲ. ಹಣದ ಪ್ರಾಮಾಣಿಕತೆ ಸಂಶೋಧನೆಯ ನೀತಿಗೆ ಹೊರಗಿನದೆ?

ಕಲಿಸಬೇಕಾದದ್ದು ಮೂರು: ಕೇಳುವುದು, ಖರ್ಚು ಮಾಡುವುದು, ಲೆಕ್ಕ ಒಪ್ಪಿಸುವುದು.

ಕೇಳುವುದೆಂದರೆ ಬೇಡುವುದಲ್ಲ. ಒಬ್ಬ ವಿದ್ಯಾರ್ಥಿನಿ ಗಲಗಲಿಯ ಸುತ್ತಿನ ದಾಸರ ಹಾಡುಗಳನ್ನು ಸಂಗ್ರಹಿಸಬೇಕೆಂದಿದ್ದಾಳೆ ಎಂದಿಟ್ಟುಕೊಳ್ಳೋಣ. ‘ನಮ್ಮ ಭವ್ಯ ಪರಂಪರೆಯನ್ನು ಉಳಿಸಬೇಕಾಗಿದೆ’ ಎಂದು ನಾಲ್ಕು ಪುಟ ಬರೆದರೆ ಓದುವ ಸಮಿತಿಗೆ ಏನೂ ತಿಳಿಯದು. ಅವ್ವನವರ ಹಾಡುಗಳಲ್ಲಿ ಅಚ್ಚಾದವು ಯಾವುವು, ಬಾಯಲ್ಲಿ ಮಾತ್ರ ಉಳಿದವು ಯಾವ ಊರುಗಳಲ್ಲಿ ಸಿಗಬಹುದು, ಹಾಡಬಲ್ಲ ಮುದುಕಿಯರನ್ನು ಯಾವ ತಿಂಗಳಲ್ಲಿ ಕಾಣಬೇಕು, ಧ್ವನಿಮುದ್ರಣ ಎಲ್ಲಿ ಉಳಿಯಬೇಕು, ಎಷ್ಟು ದಿನದ ತಿರುಗಾಟಕ್ಕೆ ಎಷ್ಟು ಬಸ್ಸಿನ ಖರ್ಚು, ಇಷ್ಟನ್ನು ಅವಳು ಬರೆಯಬೇಕು. ಇದನ್ನು ಬರೆಯಲು ಕುಳಿತಾಗಲೇ ತನ್ನ ವಿಷಯದ ಎಲ್ಲೆ ಅವಳಿಗೆ ಗೋಚರಿಸುತ್ತದೆ. ಸಾವಿರ ಹಾಡು ಎಂದವಳು ನೂರಕ್ಕೆ ಇಳಿಯುತ್ತಾಳೆ, ಆ ನೂರನ್ನು ಚೆನ್ನಾಗಿ ಮಾಡುತ್ತಾಳೆ. ಆಯವ್ಯಯವೂ ಒಂದು ತರ್ಕವೇ. ಒಂದೊಂದು ಬಾಬ್ತೂ ‘ಇದು ಏಕೆ?’ ಎಂಬ ಪ್ರಶ್ನೆಗೆ ಉತ್ತರವಾಗಿರಬೇಕು.

ಖರ್ಚು ಮಾಡುವ ವಿದ್ಯೆ ಇನ್ನೂ ಸೂಕ್ಷ್ಮವಾದದ್ದು. ಉಪಕರಣಕ್ಕೆಂದು ಬಂದ ಹಣವನ್ನು ಪ್ರವಾಸಕ್ಕೆ ಬಳಸಲು ಬಾರದು. ಕಂತು ತಡವಾದರೆ ಕೆಲಸದ ಕ್ರಮವನ್ನು ಹೇಗೆ ಬದಲಿಸಬೇಕೆಂದು ಮೊದಲೇ ಯೋಚಿಸಿರಬೇಕು. ಹಾಡಿದ ಅಜ್ಜಿಗೆ ಕೊಡುವ ಸಂಭಾವನೆಗೂ ರಸೀತಿ ಬೇಕು, ಆ ರಸೀತಿಗೆ ಹೆಬ್ಬೆಟ್ಟು ಒತ್ತಿಸುವಾಗ ಅವಳ ಮಾನಕ್ಕೆ ಕುಂದು ಬಾರದಂತೆ ನಡೆಯಬೇಕು. ಲೆಕ್ಕ ಒಪ್ಪಿಸುವುದಕ್ಕೆ ಇಂದು ಗೊತ್ತಾದ ನಮೂನೆಯಿದೆ: ಕೇಂದ್ರದ ಅನುದಾನಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯ ಬಳಕೆ ಪ್ರಮಾಣಪತ್ರ. ಅದು ಸಲ್ಲದಿದ್ದರೆ ಮುಂದಿನ ಕಂತು ಬಾರದು. ಒಳ್ಳೆಯ ಕೆಲಸಗಳು ಅರ್ಧಕ್ಕೆ ನಿಂತುದನ್ನು ನಾನು ಕಂಡಿದ್ದೇನೆ. ವಿದ್ವತ್ತಿನ ಕೊರತೆಯಿಂದಲ್ಲ, ಒಂದು ಕಟ್ಟು ರಸೀತಿಗಳನ್ನು ಕಾಲಕ್ಕೆ ಸರಿಯಾಗಿ ಜೋಡಿಸಿಡಲು ಬಾರದೆ.

ಹಣ ಕೊಟ್ಟವನ ಹಾಡನ್ನೇ ಹಾಡಬೇಕಾಗುತ್ತದೆ, ಸಂಶೋಧಕ ಗುಮಾಸ್ತನಾಗಿಬಿಡುತ್ತಾನೆ ಎಂದು ಆಕ್ಷೇಪಿಸುವವರಿದ್ದಾರೆ. ಈ ಭಯ ಸುಳ್ಳಲ್ಲ. ಅನುದಾನ ದೊರೆಯುವ ವಿಷಯವನ್ನೇ ಹುಡುಕಿಕೊಂಡು ಹೋಗುವ ಚಟ ಹೊಸದೇನಲ್ಲ. ಆದರೆ ಲೆಕ್ಕ ಬಾರದವನು ಸ್ವತಂತ್ರನೆಂದು ತಿಳಿಯುವುದೂ ಭ್ರಮೆ. ಅವನು ಕಚೇರಿಯ ಕಾರಕೂನನಿಗೆ, ಮಾರ್ಗದರ್ಶಕನ ಮರ್ಜಿಗೆ, ಶ್ರೀಮಂತನ ದಾಕ್ಷಿಣ್ಯಕ್ಕೆ ಅಧೀನ. ಕರಾರನ್ನು ಓದಬಲ್ಲವನು ಯಾವ ಷರತ್ತನ್ನು ಒಪ್ಪಬೇಕು, ಯಾವುದಕ್ಕೆ ಇಲ್ಲವೆನ್ನಬೇಕು ಎಂಬುದನ್ನು ಬಲ್ಲನು. ಪರರ ಮುದ್ರಣಾಲಯದಿಂದ ಹಸ್ತಪ್ರತಿ ಹಿಂದಿರುಗಿದಾಗ ಹಳಕಟ್ಟಿಯವರು ತಮ್ಮದೇ ಮುದ್ರಣಾಲಯ ತೆರೆದದ್ದು ಈ ಸ್ವಾತಂತ್ರ್ಯಕ್ಕಾಗಿಯೇ.

ಕಾಲ ನಮಗಾಗಿ ಕಾಯುವುದಿಲ್ಲ ಎಂಬುದನ್ನೂ ಹೇಳಬೇಕು. ಆಲಮಟ್ಟಿಯ ಹಿನ್ನೀರು ಕೃಷ್ಣೆಯ ಈ ತೀರದ ಎಷ್ಟೋ ಊರುಗಳನ್ನು ಎಬ್ಬಿಸಿದೆ. ಹಳೆಯ ಬಾಗಲಕೋಟೆಯ ಬಹುಭಾಗ ಅದಕ್ಕೆ ಎಡೆಬಿಟ್ಟಿತು. 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ಮನೆ ಬಿಟ್ಟು ಏಳುವವರು ಮೊದಲು ಜೋಳದ ಚೀಲ ಹೊರುತ್ತಾರೆ, ದನ ಬಿಚ್ಚುತ್ತಾರೆ. ಅಟ್ಟದ ಮೇಲಿನ ಓಲೆಗರಿಯ ಕಟ್ಟು ಕೊನೆಗೆ ನೆನಪಾದರೆ ಆಯಿತು. ಅವರನ್ನು ದೂರಲಾಗದು. ಆ ಕಟ್ಟನ್ನು ಹುಡುಕಿಕೊಂಡು ಹೋಗಬೇಕಾದವರು ನಾವು ತಯಾರುಮಾಡಿದ ಸಂಶೋಧಕರು. ಅವರ ಕಿಸೆಯಲ್ಲಿ ಬಸ್ಸಿನ ಚೀಟಿಗೆ ಹಣವಿರಬೇಕು, ಆ ಚೀಟಿಯನ್ನು ಕಾಯ್ದಿಡುವ ಶಿಸ್ತೂ ಇರಬೇಕು.

ಆದುದರಿಂದ ಗ್ರಂಥಸಂಪಾದನೆಯ ಪಕ್ಕದಲ್ಲಿಯೇ ಲೆಕ್ಕದ ಪಾಠಕ್ಕೂ ವಾರದಲ್ಲಿ ಒಂದು ಗಂಟೆ ಕೊಡಿರಿ ಎಂದು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ನನ್ನ ವಿನಂತಿ. ಪಾಠಪುಸ್ತಕಕ್ಕೆ ದೂರ ಹೋಗಬೇಕಾಗಿಲ್ಲ; ಸಾಲೋಟಗಿಯ ಶಾಸನವನ್ನು ಮೊದಲ ಪಾಠವಾಗಿಟ್ಟು, ವಿಜಾಪುರದ ಹಿತಚಿಂತಕ ಮುದ್ರಣಾಲಯವನ್ನು ಎರಡನೆಯದಾಗಿ ಇಟ್ಟರೆ ಸಾಕು. ಮನೆ ಮಾರಿದ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಇನ್ನು ಮುಂದೆ ಯಾರೂ ಮನೆ ಮಾರದೆಯೇ ಅಂಥ ಕೆಲಸ ಮಾಡುವಂತೆ ಆಗುವುದು.